ಹಾಲೆಂಡಿಗೆ ಹೋದ ಮುಖ

ಬನಹಟ್ಟಿಯ ಸಾವಿತ್ರೆವ್ವನಿಗೆ ಐವತ್ತೆಂಟು ವರ್ಷಗಳಲ್ಲಿ ಅಂಟಿಕೊಂಡ ಕಾಯಿಲೆಗಳು ಎರಡೇ. ಒಂದು ಮೊಳಕಾಲು ನೋವು; ಅದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಬಂದದ್ದು. ಇನ್ನೊಂದು ಹೊಟ್ಟೆಕಿಚ್ಚು, ಅದು ನೆಗೆಣ್ಣಿ ಗುರುಬಾಯಿಯಿಂದ ಬಂದದ್ದು. ಮೊದಲನೆಯದಕ್ಕೆ ಮಹಾಲಿಂಗಪುರದ ಡಾಕ್ಟರು ತಿಕ್ಕಿಕೊಳ್ಳಲು ಎಣ್ಣೆ ಕೊಟ್ಟಿದ್ದರು. ಎರಡನೆಯದಕ್ಕೆ ಎಣ್ಣೆ ಸುರಿಯುವವರಿಗೆ ಓಣಿಯಲ್ಲಿ ಬರವಿರಲಿಲ್ಲ.

ಗುರುಬಾಯಿ ಎಂದರೆ ಸಾವಿತ್ರೆವ್ವನ ಮೈದುನ ವೀರಣ್ಣನ ಹೆಂಡತಿ. ಮಾವ ಕಟ್ಟಿಸಿದ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಮಗ್ಗವಿದ್ದ ಪಡಸಾಲೆ ಹಿರಿಯವನಾದ ರಾಮಲಿಂಗಪ್ಪನಿಗೆ, ಎಂದರೆ ಅವನ ಹೆಂಡತಿ ಸಾವಿತ್ರೆವ್ವನಿಗೆ ಬಂತು. ನಳವಿದ್ದ ಅಂಗಳ ವೀರಣ್ಣನಿಗೆ ಹೋಯಿತು. ಎರಡು ಜಡೆ ಒಂದು ಕಡೆ ಇರಲಾರವು ಎಂಬ ಮಾತು ಹುಟ್ಟಿದ್ದು ಯಾವ ಊರಲ್ಲೋ ಗೊತ್ತಿಲ್ಲ, ಬೆಳೆದದ್ದಂತೂ ಈ ಮನೆಯಲ್ಲೇ. ಗೋಡೆಯಾಚೆ ಒಗ್ಗರಣೆ ಚಟಗುಟ್ಟಿದರೆ ಈಚೆ ಸಾವಿತ್ರೆವ್ವ ಮೂಗು ಅರಳಿಸಿ, ಇವತ್ತು ಬೆಳ್ಳುಳ್ಳಿ ಎಷ್ಟು ಹಾಕಿದಳು ಎಂದು ಅಂದಾಜು ಮಾಡುತ್ತಿದ್ದಳು. ಗುರುಬಾಯಿ ಹೊಸ ಸೀರೆ ಉಟ್ಟರೆ ಅದರ ಬಣ್ಣ ಎಷ್ಟು ಒಗೆತಕ್ಕೆ ಹೋಗುತ್ತದೆ ಎಂದು ಇವಳು ಮೊದಲೇ ಹೇಳಿಬಿಡುತ್ತಿದ್ದಳು. ಬಣ್ಣ ಹೋಗದಿದ್ದರೆ ಆ ವಾರವೆಲ್ಲ ಮುಖ ಬಿಗಿದುಕೊಂಡಿರುತ್ತಿದ್ದಳು.

ಇದರ ಬೇರು ಹಳೆಯದು. ಸಾವಿತ್ರೆವ್ವ ರಬಕವಿಯ ನೇಕಾರರ ಮನೆಯಿಂದ ಹದಿನೆಂಟಕ್ಕೆ ಸೊಸೆಯಾಗಿ ಬಂದವಳು. ಮಾವನೇ ಅವಳನ್ನು ಮಗ್ಗಕ್ಕೆ ಕೂರಿಸಿದ. ನೇಯ್ದ ಬಟ್ಟೆಯ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದು ಹೇಳುತ್ತಿದ್ದ: “ಅರಿವಿ ನೋಡಬೇಕಂದ್ರ ನಡುವ ನೋಡಬ್ಯಾಡವ್ವ, ಅಂಚು ನೋಡು. ನಡುವ ಎಲ್ಲಾರೂ ಛಲೋ ನೇಯ್ತಾರ.” ಸಾವಿತ್ರೆವ್ವನ ಅಂಚು ನೋಡಿ ಮಾವ ತಲೆಯಾಡಿಸುತ್ತಿದ್ದ. ಅಷ್ಟೇ, ಬಾಯಿಬಿಟ್ಟು ಹೊಗಳಲಿಲ್ಲ. ಎರಡು ವರ್ಷದ ಮೇಲೆ ಗುರುಬಾಯಿ ಬಂದಳು. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಎಳೆಗಳು, ಎಂದರೆ ಹಾಸು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು, ಅದಕ್ಕೆ ಕೆಚ್ಚು ಹಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಸವರಿಕೊಂಡು ಸಾವಿರಾರು ಎಳೆ ಕೂಡಿಸುವ ಕೆಲಸ. ಗುರುಬಾಯಿ ಹಚ್ಚಿದ ಮೊದಲನೇ ಕೆಚ್ಚಿಗೇ ಮಾವ, “ಕೆಚ್ಚು ಹಚ್ಚಿದ್ರ ಹಿಂಗ ಹಚ್ಚಬೇಕು” ಎಂದುಬಿಟ್ಟ. ಆ ನಾಲ್ಕು ಮಾತು ಹೇಳಿದ ಮಾವ ಸತ್ತು ಇಪ್ಪತ್ತು ವರ್ಷವಾಗಿತ್ತು. ಸಾವಿತ್ರೆವ್ವನ ಹೊಟ್ಟೆಯಲ್ಲಿ ಅವು ಇನ್ನೂ ಬದುಕಿದ್ದವು.

ಆಮೇಲೆ ಓಣಿಯ ತುಂಬ ಪವರ್‌ಲೂಮ್ ಬಂದವು. ಹಗಲಿಡೀ ಖಟಖಟ ಸದ್ದು. ವೀರಣ್ಣ ತನ್ನ ಕೈಮಗ್ಗ ಬಿಚ್ಚಿ ಕಟ್ಟಿಗೆಯನ್ನು ಒಲೆಗೆ ಹಾಕಿ, ಬಟ್ಟೆ ವ್ಯಾಪಾರಿ ಸುಭಾಷನ ಶೆಡ್ಡಿಗೆ ಪವರ್‌ಲೂಮ್ ನಡೆಸುವ ಕೆಲಸಕ್ಕೆ ಸೇರಿದ. ಗುರುಬಾಯಿ ಮಗ್ಗ ಬಿಟ್ಟು ಹತ್ತು ವರ್ಷವಾಯಿತು. ಓಣಿಯಲ್ಲಿ ಉಳಿದದ್ದು ಸಾವಿತ್ರೆವ್ವನ ಕುಣಿಮಗ್ಗ ಒಂದೇ. ಆ ಒಂದಕ್ಕೆ ಹಾಲೆಂಡ್ ಎಂಬ ದೇಶದಿಂದ ಗಿರಾಕಿ ಬರುತ್ತಾರೆಂದು ಯಾರಿಗೆ ಗೊತ್ತಿತ್ತು?

ಬಂದದ್ದು ಸುಭಾಷನ ಕೈ ಹಿಡಿದುಕೊಂಡು. ಅಲ್ಲಿಯ ಕಂಪನಿಯೊಂದಕ್ಕೆ ಕೊರಳಿಗೆ ಸುತ್ತಿಕೊಳ್ಳುವ ಸ್ಕಾರ್ಫು ಬೇಕಿತ್ತು. ನಮ್ಮ ಸೀರೆಯ ದಡಿಯೇ ಅದಕ್ಕೆ ಇರಬೇಕು, ಕೈಮಗ್ಗದ್ದೇ ಆಗಿರಬೇಕು. ಸಾವಿತ್ರೆವ್ವ ಅದನ್ನು ನೋಡಿ “ಉದ್ದನ್ನ ಟಾವೆಲ್ಲು” ಎಂದು ನಕ್ಕರೂ ನೇಯ್ದುಕೊಟ್ಟಳು. ಮಾದರಿ ಒಪ್ಪಿಗೆಯಾಯಿತು. ಪ್ರತಿ ಸ್ಕಾರ್ಫಿಗೂ ನೇಯ್ದವರ ಫೋಟೋ ಇರುವ ಚೀಟಿ ಕಟ್ಟುತ್ತೇವೆ ಎಂದು ಕಂಪನಿಯವರು ಫೋಟೋ ತೆಗೆಯುವವನನ್ನು ಕಳಿಸಿದರು. ಅವನು ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಪವರ್‌ಲೂಮ್ ಕೂಡ ಅಂದು ಬಾಯಿ ಮುಚ್ಚಿಕೊಂಡಿರುತ್ತವೆ. ಸಾವಿತ್ರೆವ್ವ ಮಗ್ಗಕ್ಕೆ ಕುಂಕುಮ ಹಚ್ಚಿ, ಹೋಳಿಗೆಯ ಹೂರಣ ರುಬ್ಬುತ್ತ ಕೂತಿದ್ದಳು. “ಕಾಕು, ಎರಡ ನಿಮಿಷ ಕುಂಡ್ರ್ರಿ” ಎಂದು ಸುಭಾಷ ಕೈಮುಗಿದ. “ಅಮಾಸಿ ದಿನ ಕುಣಿಯೊಳಗ ಕಾಲು ಬಿಡಂಗಿಲ್ಲ. ನಾಳೆ ಬಾ ಅನ್ನು ಅವಗ” ಎಂದಳು ಇವಳು. ನಾಳೆ ಅವನು ಬೆಳಗಾವಿಯಲ್ಲಿ ವಿಮಾನ ಹತ್ತಬೇಕಿತ್ತು. ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಗುರುಬಾಯಿ ಹಬ್ಬಕ್ಕೆಂದು ಹಸಿರು ಸೀರೆ ಉಟ್ಟಿದ್ದಳು. “ನಾ ಏನ್ ನೇಯಾಂಗಿಲ್ಲಲ್ಲ, ಬರೇ ಕುಂಡ್ರತೇನಿ. ಅದಕ್ಕೇನ್ ದೋಷ?” ಎಂದು ಕುಣಿಗಿಳಿದು, ಲಾಳಿ ಕೈಯಲ್ಲಿ ಹಿಡಿದು, ಹಲ್ಲು ಕಾಣುವಂತೆ ನಕ್ಕಳು. ಕ್ಯಾಮೆರಾ ಕ್ಲಿಕ್ಕೆಂದಿತು.

ಮೂರು ತಿಂಗಳಿಗೆ ಚೀಟಿ ಅಚ್ಚಾಗಿ ಬಂದವು. ಗುರುಬಾಯಿ ಒಂದನ್ನು ತಂದು ದೇವರ ಜಗಲಿಯ ಮೇಲೆ, ಬನಶಂಕರಿಯ ಪಟದ ಪಕ್ಕ ಅಂಟಿಸಿದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವಳ ಮೊಮ್ಮಗಳು ಓದಿ ಹೇಳಿದಳು: ಈ ಬಟ್ಟೆಯನ್ನು ಗುರುಬಾಯಿ ತನ್ನ ಕೈಯಾರೆ ನೇಯ್ದಿದ್ದಾಳೆ, ಯಂತ್ರ ಇದನ್ನು ಮುಟ್ಟಿಲ್ಲ.

ಸಾವಿತ್ರೆವ್ವನ ಎದೆಗೆ ಕೆಂಡ ಬಿದ್ದಂತಾಯಿತು. ಮಗ್ಗ ಇವಳದು, ಕುಂಕುಮ ಇವಳು ಹಚ್ಚಿದ್ದು, ಫೋಟೋದಲ್ಲಿ ಕಾಣುವ ಆ ನಾಲ್ಕು ಬೆರಳಿನಷ್ಟು ಬಟ್ಟೆಯೂ ಇವಳೇ ನೇಯ್ದದ್ದು. ಕೆಸರಾದ ಕೈ ಒಬ್ಬಳದು, ಮೊಸರಾದ ಬಾಯಿ ಇನ್ನೊಬ್ಬಳದು. ಗುರುಬಾಯಿ ಇನ್ನೊಂದು ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಮಹಾಲಿಂಗಪುರದ ಬಸ್ಸಿನ ಕಂಡಕ್ಟರನಿಗೂ ತೋರಿಸಿದಳು. ಮೊಮ್ಮಗಳ ಶಾಲೆಯವರು ಅವಳಿಗೆ ಶಾಲು ಹೊದಿಸಿದರು. “ನಿನ್ನ ನೆಗೆಣ್ಣಿ ಹಾಲೆಂಡಿನ್ಯಾಗ ಅಂಗಡಿ ಅಂಗಡಿಗೆ ನೇತಾಡಾಕತ್ತಾಳಂತ” ಎಂದು ಓಣಿಯ ನಳದ ಹತ್ತಿರ ಯಾರೋ ಅಂದರು. ಸಾವಿತ್ರೆವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು.

ಅವಳಿಗೆ ಬೇಕಾದದ್ದು ಹಣವಲ್ಲ, ಶಾಲೂ ಅಲ್ಲ. ತನ್ನ ಮುಖ ಆ ಚೀಟಿಯ ಮೇಲೆ ಬರಬೇಕು, ಗುರುಬಾಯಿಯದು ಹೋಗಬೇಕು. ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಎಂದು ಕೇಳಿದರೆ ಅವಳು ತಡವರಿಸುತ್ತಿದ್ದಳೇನೋ.

ಒಂದು ಮುಂಜಾನೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಭಾಷನ ಅಂಗಡಿಗೇ ಹೋದಳು. “ಸಾವಕಾರ್ರ, ಆಕಿ ಮಗ್ಗ ಬಿಟ್ಟು ಹತ್ತು ವರ್ಷ ಆತು. ಆಕಿ ಮಾರಿ ಹಚ್ಚಿ ಮಾರಾಕತ್ತೀರಲ್ಲ, ಇದು ಖರೆ ಏನ್ರಿ? ನನ್ನ ಮಾರಿ ಹಚ್ಚ್ರಿ. ಇಲ್ಲಂದ್ರ ನಾ ಮಗ್ಗ ಬಿಡ್ತೇನಿ.”

ಸುಭಾಷ ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಚಹಾ ತರಿಸಿದ. “ನೀವು ಹೇಳಿದ್ದ ಛಲೋ ಆತು ಕಾಕು. ಮಾಘದಾಗ ಅಲ್ಲಿಂದ ಮ್ಯಾಡಮ್ಮು ನೋಡಾಕ ಬರ್ತಾಳ. ನೇಯ್ದು ತೋರಸವ್ರ ಬೇಕಲ್ಲ. ಗುರುಬಾಯಿ ಕಾಕುಗ ಈಗ ಎಲ್ಲಿ ಆಗ್ತೈತಿ? ನಿಮ್ಮ ಫೋಟೋನ ಹಾಕೂಣು. ಮ್ಯಾಡಮ್ಮು ಕೇಳಿದ್ರ, ನಿಮ್ಮ ಚೀಟಿ ಇದ್ದ ಅರಿವಿ ಎಲ್ಲಾ ನೀವ ನೇಯ್ದದ್ದು ಅನ್ರಿ, ಅಷ್ಟ.”

ಅಷ್ಟೇ ತಾನೆ ಎಂದು ಸಾವಿತ್ರೆವ್ವ ಒಪ್ಪಿಕೊಂಡಳು. ತಾನು ತಿಂಗಳಿಗೆ ನೇಯುವುದು ಎಷ್ಟು, ಸುಭಾಷ ಕಳಿಸುವುದು ಎಷ್ಟು ಎಂದು ಅವಳು ಕೇಳಲಿಲ್ಲ. ಹೊಟ್ಟೆಕಿಚ್ಚಿನ ಹೊಗೆ ತುಂಬಿದ ಕಣ್ಣಿಗೆ ಬೇರೆ ಯಾವುದೂ ಕಾಣುವುದಿಲ್ಲ.

ಈ ಸಲ ದಿನ ನೋಡಿ ಫೋಟೋ ತೆಗೆದರು. ಹೊಸ ಚೀಟಿ ಬಂದವು. ಸಾವಿತ್ರೆವ್ವ ಒಂದನ್ನು ಹಿಡಿದು ಬೇಕೆಂದೇ ಗೋಡೆಯಾಚೆ ಹೋದಳು. ಗುರುಬಾಯಿ ಶೆಡ್ಡಿನ ಲಾಳಿಗಳಿಗೆಂದು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚೀಟಿ ಇಸಿದುಕೊಂಡು ಬಹಳ ಹೊತ್ತು ನೋಡಿದಳು. “ಆತು ಬಿಡ ಅಕ್ಕಾ. ನಿನ್ನ ಮಗ್ಗ, ನಿನ್ನ ಮಾರಿ” ಎಂದು ವಾಪಸು ಕೊಟ್ಟಳು. ಆದರೆ ಜಗಲಿಯ ಮೇಲಿನ ತನ್ನ ಹಳೆಯ ಚೀಟಿಯನ್ನು ತೆಗೆಯಲಿಲ್ಲ. ಸಾವಿತ್ರೆವ್ವ ಗೆದ್ದು ಮನೆಗೆ ಬಂದಳು. ಆ ಗೆಲುವು ರಾತ್ರಿಯ ಊಟದವರೆಗೂ ಬಾಳಲಿಲ್ಲ. ಅವಳು ಅತ್ತಿದ್ದರೆ ತನಗೂ ಗೆದ್ದಂತಾಗುತ್ತಿತ್ತು, ಈ ಹಾಳಾದವಳು ಅಳಲೂ ಇಲ್ಲ ಎಂದು ಗಂಡನ ಮುಂದೆ ಗೊಣಗಿದಳು. ರಾಮಲಿಂಗಪ್ಪ ರೊಟ್ಟಿ ಮುರಿಯುತ್ತ, “ಫೋಟೋ ಬಂತಲ್ಲ, ಇನ್ನ ಅಳೂದೂ ನಿನ್ನ ಲೆಕ್ಕದಾಗ ಬರಬೇಕೇನು?” ಎಂದ.

ಮಾಘದಲ್ಲಿ ಮೇಡಂ ಬಂದರು. ಎತ್ತರದ ಹೆಂಗಸು, ನರೆತ ಕೂದಲು, ಕಾಲಲ್ಲಿ ಧೂಳು ಹಿಡಿದ ಬೂಟು. ಮಗ್ಗದ ಪಡಸಾಲೆಗೆ ಬರುವ ಮುನ್ನ ಯಾರೂ ಹೇಳದಿದ್ದರೂ ಬೂಟು ಬಿಚ್ಚಿಟ್ಟರು. ಸಾವಿತ್ರೆವ್ವನಿಗೆ ಅದು ಹಿಡಿಸಿತು. ಮಾತು ದಾಟಿಸಲು ಸುಭಾಷನ ಅಂಗಡಿಯಲ್ಲಿ ಪತ್ರ ಬರೆಯುವ ಕಾವ್ಯ ಬಂದಿದ್ದಳು, ಜಮಖಂಡಿಯಲ್ಲಿ ಕಾಲೇಜು ಕಲಿತ ಹುಡುಗಿ. ಸುಭಾಷ ಬಾಗಿಲ ಬಳಿ ನಿಂತ. ಅವನ ಹಿಂದೆ ಓಣಿಯ ಹೆಂಗಸರು, ಅವರ ಮುಂದೆ ಗುರುಬಾಯಿ.

ಸಾವಿತ್ರೆವ್ವ ಅರ್ಧ ತಾಸು ನೇಯ್ದು ತೋರಿಸಿದಳು. ಲಾಳಿ ಅತ್ತಿಂದಿತ್ತ ಓಡಿತು. ನಾಲ್ಕು ಬೆರಳು ಬಟ್ಟೆಯಾದಾಗೊಮ್ಮೆ, ಎರಡು ತುದಿಗೂ ಮುಳ್ಳಿರುವ ಕಡ್ಡಿಯನ್ನು ಕಿತ್ತು ಮುಂದಕ್ಕೆ ಚುಚ್ಚಿದಳು. ಬಟ್ಟೆ ಅಗಲಕ್ಕೆ ಕುಗ್ಗದಂತೆ ಹಿಗ್ಗಿಸಿ ಹಿಡಿಯುವ ಕಡ್ಡಿ ಅದು. ಮೇಡಂ ನೆಲದ ಮೇಲೆ ಕಾಲು ಮಡಚಲಾಗದೆ ಒರಗಿ ಕೂತು ಮಗುವಿನ ಹಾಗೆ ನೋಡಿದರು. ಗುರುಬಾಯಿ ನೋಡುತ್ತಿದ್ದಾಳೆಂದು ಸಾವಿತ್ರೆವ್ವ ಅಂದು ಎಂದಿಗಿಂತ ಚೆನ್ನಾಗಿ ನೇಯ್ದಳು.

ಆಮೇಲೆ ಮೇಡಂ ತಮ್ಮ ಚೀಲದಿಂದ ಒಂದು ಸ್ಕಾರ್ಫು ತೆಗೆದರು. ಅದಕ್ಕೆ ಸಾವಿತ್ರೆವ್ವನ ಮುಖದ ಚೀಟಿ ಕಟ್ಟಿತ್ತು. ಕಾವ್ಯ ಹೇಳಿದಳು: “ಆಯಿ, ಇದನ್ನ ಅವರು ತಮ್ಮ ಊರಾಗ ಅಂಗಡ್ಯಾಗ ರೊಕ್ಕ ಕೊಟ್ಟು ತಗೊಂಡಾರಂತ. ಅವರ ತಾಯಿಗೆ ಕೊಡಾಕ. ನೀವು ಇದನ್ನ ನೇಯೂ ಮುಂದ ಹೆಂಗಿತ್ತು, ಏನ್ ನೆನಪೈತಿ, ಎರಡ ಮಾತು ಹೇಳ್ರಿ ಅಂತಾರ. ತಾಯಿಗೆ ಹೇಳ್ತಾರಂತ.”

ಪರೀಕ್ಷೆ ಮಾಡುವ ದನಿಯಲ್ಲ ಅದು. ಪ್ರೀತಿಯಿಂದ ಕೇಳಿದ್ದು. ಸಾವಿತ್ರೆವ್ವ ಮೊದಲು ಚೀಟಿ ನೋಡಿದಳು. ಏಳು ಸಮುದ್ರ ದಾಟಿ ಹೋಗಿ ಬಂದ ತನ್ನ ಮುಖ. ಎದೆ ತುಂಬಿ ಬಂತು. ಗುರುಬಾಯಿಗೆ ಕಾಣುವಂತೆ ಚೀಟಿಯನ್ನು ಬಾಗಿಲ ಕಡೆ ಸ್ವಲ್ಪ ತಿರುಗಿಸಿದಳು. ಹಾಗೆ ತಿರುಗಿಸುವಾಗ ಹೆಬ್ಬೆರಳು ಮಾವ ಕಲಿಸಿದ ಪ್ರಕಾರ ತಾನೇ ತಾನಾಗಿ ಅಂಚಿಗೆ ಹೋಯಿತು.

ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತು, ಒತ್ತೊತ್ತಾಗಿ, ಹೊಲಿಗೆ ಹಾಕಿದಂತೆ ಒಂದೇ ಸಾಲು. ಕೈಮಗ್ಗದ ಕಡ್ಡಿ ನಾಲ್ಕು ಬೆರಳಿಗೊಮ್ಮೆ ಚುಚ್ಚುತ್ತದೆ. ಹೀಗೆ ಬಿಡದೆ ಚುಚ್ಚಿಕೊಂಡು ಹೋಗುವುದು ಪವರ್‌ಲೂಮಿನ ಮುಳ್ಳುಗಾಲಿ. ಸಾಲದ್ದಕ್ಕೆ ಅಂಚು ಒಂದು ಕಡೆ ಸಡಿಲಾಗಿ ಸುರುಳಿ ಸುತ್ತಿಕೊಂಡಿತ್ತು.

ಸುಭಾಷ ನಗುತ್ತಲೇ ಇದ್ದ. “ಹೇಳ್ರಿ ಕಾಕು” ಎಂದ. ಹೂಂ ಎಂದರೆ ಮುಗಿಯಿತು. ಮೇಡಂಗೆ ಗೊತ್ತಾಗುವುದಿಲ್ಲ, ಅವರ ತಾಯಿಗಂತೂ ಗೊತ್ತಾಗುವುದೇ ಇಲ್ಲ. ಮುಖ ಅಲ್ಲೇ ಉಳಿಯುತ್ತದೆ, ವರ್ಷಗಟ್ಟಲೆ, ಅಂಗಡಿ ಅಂಗಡಿಗೂ. ಸಾವಿತ್ರೆವ್ವನ ಗಂಟಲಿನವರೆಗೆ ಹೂಂ ಬಂದಿತ್ತು, ಖರೆ ಹೇಳಬೇಕೆಂದರೆ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಗುರುಬಾಯಿಯ ಕಣ್ಣು ಕಂಡಿತು. ಗುರುಬಾಯಿ ಚೀಟಿ ನೋಡುತ್ತಿರಲಿಲ್ಲ. ಅಂಚು ನೋಡುತ್ತಿದ್ದಳು.

ಅವಳೂ ಅದೇ ಮಾವನ ಸೊಸೆ. ನಾಳೆ ನಳದ ಹತ್ತಿರ, ನಮ್ಮ ಅಕ್ಕನ ಅಂಚು ಈಗ ಸುರುಳಿ ಸುತ್ತಾಕತ್ತೈತಿ ಎಂದರೆ? ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಹೆರದ ಹೆಗ್ಗಣವನ್ನು ಮಡಿಲಲ್ಲಿಟ್ಟುಕೊಂಡು ನೆಗೆಣ್ಣಿಯ ಎದುರು ನನ್ನದೇ ಎನ್ನಬೇಕೆ? ನ್ಯಾಯ, ಧರ್ಮ, ಹಾಲೆಂಡಿನ ಮುದುಕಿಗೆ ಆಗುವ ಮೋಸ, ಇವು ಯಾವುವೂ ಆ ಗಳಿಗೆಯಲ್ಲಿ ಸಾವಿತ್ರೆವ್ವನ ತಲೆಯಲ್ಲಿ ಇರಲಿಲ್ಲ. ಇದ್ದವು ಎಂದು ಆಮೇಲೆ ಅವಳೇ ಎಲ್ಲರಿಗೂ ಹೇಳಿದಳು, ಅದನ್ನು ನಂಬಬೇಡಿ.

“ಇದು ನಾ ನೇಯ್ದದ್ದಲ್ಲ” ಎಂದಳು. “ಇಂಥಾ ಅಂಚು ನನ್ನ ಕೈಯಾಗ ಬರಾಂಗಿಲ್ಲ.”

ಕಾವ್ಯ ಸುಭಾಷನ ಮುಖ ನೋಡಿದಳು. ಸುಭಾಷ ಮೆಲ್ಲಗೆ, “ಬಾಳ ದಿನ ಆತು, ನೆನಪಿಲ್ಲ ಅಂತಾಳ ಅನ್ನು” ಎಂದ. ಸಾವಿತ್ರೆವ್ವ ಕಾಯಲಿಲ್ಲ. ನಲವತ್ತು ವರ್ಷ ಮಾಡಿದ ಕೆಲಸವನ್ನು ಇನ್ನೊಬ್ಬರ ಬಾಯಿಯಿಂದ ಯಾಕೆ ಹೇಳಿಸಬೇಕು? ಸ್ಕಾರ್ಫಿನ ಅಂಚನ್ನು ಮಗ್ಗದ ಮೇಲಿದ್ದ ಬಟ್ಟೆಯ ಅಂಚಿನ ಪಕ್ಕ ಹಚ್ಚಿ ಹಿಡಿದಳು. ಮೇಡಂ ಕೈ ಹಿಡಿದೆಳೆದು ಅವರ ಬೆರಳನ್ನು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಎಳೆದಳು. ಮೇಡಂ ಎರಡನೇ ಸಲ ತಾವೇ ಎಳೆದು ನೋಡಿದರು. ಓಣಿಯಾಚೆ ಸುಭಾಷನ ಶೆಡ್ಡಿನ ಖಟಖಟ ಕೇಳುತ್ತಿತ್ತು. ಅವರು ತಲೆಯೆತ್ತಿ ಆ ಕಡೆ ಕಿವಿಗೊಟ್ಟರು.

ಆ ಸ್ಕಾರ್ಫನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಅವರು ಹೊರಟುಹೋದರು. ಹದಿನೈದು ದಿನಕ್ಕೆ ಪತ್ರ ಬಂತು, ವ್ಯವಹಾರ ನಿಂತಿತು. ಸುಭಾಷ ಬಂದು ಕಟ್ಟೆಯ ಮೇಲೆ ಕೂತ. ಸಿಟ್ಟು ಮಾಡಲಿಲ್ಲ. “ಕಾಕು, ಅವರು ಕೇಳೂದು ಮೂರ ಸಾವಿರ ಅರಿವಿ. ಕೊಡೂ ರೇಟು ಪವರ್‌ಲೂಮಿಂದು. ಬೇಡೂದು ಕೈಮಗ್ಗ. ನಾ ಏನ್ ಮಾಡ್ಲಿ?”

ರಾಮಲಿಂಗಪ್ಪ ಒಳಗಿನಿಂದಲೇ ಅಂದ: “ಮೂರ ಸಾವಿರಕ್ಕ ಒಂದ ಮಾರಿ ಹಚ್ಚಿದ್ರಿ. ಅವರಿಗೂ ಲೆಕ್ಕ ಬರ್ತಿತ್ತಲ್ಲ, ಯಾಕ ಕೇಳಲಿಲ್ಲ?” ಸುಭಾಷ ಚಪ್ಪಲಿ ಮೆಟ್ಟಿಕೊಂಡು ಎದ್ದ. ಆ ಪ್ರಶ್ನೆ ಹೋಗಬೇಕಾದದ್ದು ಹಾಲೆಂಡಿಗೆ.

ಶೆಡ್ಡಿನ ಎಂಟು ಪವರ್‌ಲೂಮ್ ನಿಂತವು. ಆಳುಗಳಿಗೆ ವಾರಕ್ಕೆ ಮೂರೇ ದಿನ ಕೆಲಸವಾಯಿತು, ವೀರಣ್ಣನಿಗೂ. ಸಾವಿತ್ರೆವ್ವನ ಮಗ್ಗವೂ ಬರಿದಾಯಿತು. “ಒಂದು ಹೊಟ್ಟಿಕಿಚ್ಚಿಗೆ ಹತ್ತು ಮಂದಿ ಹೊಟ್ಟಿ ಮ್ಯಾಲೆ ಹೊಡದ್ಲು” ಎಂದು ಓಣಿ ಮಾತಾಡಿತು. ಖರೆ ಮಾತಾಡಿದರೂ ಬೈಗುಳ ತಿನ್ನುವುದು ಹೇಗೆಂದು ಸಾವಿತ್ರೆವ್ವ ಆಗ ಕಲಿತಳು. ಗೋಡೆಯಾಚೆಯಿಂದ ಒಂದು ತಿಂಗಳು ಸದ್ದೇ ಬರಲಿಲ್ಲ. ಒಗ್ಗರಣೆಯ ವಾಸನೆಯೂ ಕಡಿಮೆಯಾಗಿತ್ತು. ಅದನ್ನು ಗಮನಿಸಿದ ದಿನ ಅವಳು ತನ್ನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಕೊನೆಗೆ ಬಾಗಲಕೋಟೆಯ ಸೀರೆ ಅಂಗಡಿಯೊಂದರಿಂದ ಸಣ್ಣ ಕೆಲಸ ಬಂತು. ಹೊಸ ಹಾಸು ಮಗ್ಗಕ್ಕೆ ಏರಬೇಕು, ಕೆಚ್ಚು ಹಚ್ಚಬೇಕು. ಸಾವಿತ್ರೆವ್ವನ ಕಣ್ಣು ಮೊದಲಿನಂತಿರಲಿಲ್ಲ. ಒಂದು ಎಳೆ ಕೂಡಿಸಿದರೆ ಎರಡು ಜಾರುತ್ತಿದ್ದವು. ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಗುರುಬಾಯಿ ಒಂದೂ ಮಾತಿಲ್ಲದೆ ಬಂದು ಎದುರಿಗೆ ಕೂತು, ಬಟ್ಟಲಿನ ಬೂದಿಗೆ ಬೆರಳು ಅದ್ದಿದಳು.

ಒಂದು ತಾಸಿನಲ್ಲಿ ಗೇಣಗಲ ಎಳೆ ಕೂಡಿದವು. ಸಾವಿತ್ರೆವ್ವನಿಗೇ ತಡೆಯಲಾಗಲಿಲ್ಲ. “ನಿನ್ನ ಚೀಟಿ ಇನ್ನಾ ಜಗಲಿ ಮ್ಯಾಲ ಐತೇನು?”

“ಐತಿ.”

“ಸುಳ್ಳು ಚೀಟಿ ದೇವರ ಮಗ್ಗಲ ಇಡಬಾರದು.”

ಗುರುಬಾಯಿ ಎಳೆ ಹೊಸೆಯುತ್ತಲೇ ಇದ್ದಳು. “ನಂಗ ಮೊದಲ ದಿನದಿಂದ ಗೊತ್ತಿತ್ತ ಅಕ್ಕಾ, ಆ ಅರಿವಿ ಪವರ್‌ಲೂಮಿಂದ ಅಂತ. ನೇಯ್ತಿದ್ದವ ನನ್ನ ಗಂಡನ. ಗಂಡ ನೇಯ್ದ ಅರಿವಿಗೆ ಹೆಂಡ್ತಿ ಮಾರಿ ಹಚ್ಚ್ಯಾರ, ಇರಲಿ ಅಂತ ಇಟ್ಕೊಂಡೇನಿ. ಹುಟ್ಟಿದಾಗಿಂದ ಎಷ್ಟ ಅರಿವಿ ನೇಯ್ದಾನ ಪಾಪ, ಒಂದಕ್ಕಾದ್ರೂ ಮನ್ಯಾಗಿನ ಯಾರದರ ಹೆಸರು ಬರಬಾರದೇನು?”

ಸಾವಿತ್ರೆವ್ವನ ಕೈ ನಿಂತಿತು. ಅಂದು ಓಣಿಯೆದುರು ಅವಳು ನೂಕಿಬಿಟ್ಟ ಆ ಅಂಚು ವೀರಣ್ಣನದು. ಆ ಅಂಚು ನೋಡುತ್ತ ನಿಂತಿದ್ದ ಗುರುಬಾಯಿ ನೆಗೆಣ್ಣಿಯ ತಪ್ಪು ಹುಡುಕುತ್ತಿರಲಿಲ್ಲ. ತನ್ನ ಗಂಡನ ಕೈಯನ್ನು ಗುರುತು ಹಿಡಿಯುತ್ತಿದ್ದಳು. ನನ್ನ ಮುಖ ಹಾಲೆಂಡಿಗೆ ಹೋಗಿ ಏನು ತಂದಿತು ಎಂದು ಸಾವಿತ್ರೆವ್ವನಿಗೆ ಅಳು ಬಂದಂತಾಯಿತು. ಅದನ್ನು ನುಂಗಿ, ಕೂಡಿಸಿದ ಎಳೆಗಳ ಮೇಲೆ ಹೆಬ್ಬೆರಳು ಎಳೆದಳು.

ಬೆರಳಿಗೆ ಒಂದೂ ತಡೆ ಸಿಗಲಿಲ್ಲ. ಹತ್ತು ವರ್ಷ ಬಿಟ್ಟ ಕೈ, ನಿನ್ನೆಯವರೆಗೂ ಹಚ್ಚುತ್ತಿದ್ದಂತೆ ನುಣ್ಣಗೆ ಹಚ್ಚಿತ್ತು. ಕೆಚ್ಚು ಹಚ್ಚಿದ್ರ ಹಿಂಗ ಹಚ್ಚಬೇಕು ಎಂಬ ಮಾತು ಸಾವಿತ್ರೆವ್ವನ ಬಾಯಿಗೇ ಬಂದಿತ್ತು. ಅದರ ಜೊತೆಗೇ ಹೊಟ್ಟೆಯಲ್ಲಿ ಆ ಹಳೆಯ ಉರಿಯೂ ಎದ್ದಿತು.

“ಎಡಗಡೆ ಸ್ವಲ್ಪ ಬಿಗಿ ಆಗೈತಿ ನೋಡು” ಎಂದಳು.

ಬಿಗಿ ಆಗಿರಲಿಲ್ಲ. ಗುರುಬಾಯಿಗೂ ಅದು ಗೊತ್ತಿತ್ತು. “ಆತ ಅಕ್ಕಾ, ಸಡಿಲು ಮಾಡ್ತೇನಿ” ಎಂದು, ಬೆರಳಿಗೆ ಮತ್ತೆ ಬೂದಿ ಹಚ್ಚಿಕೊಂಡಳು.